ಜೇನಿನ ನುಸಿಯಿಂದ ಬ್ಯಾಕ್ಟೀರಿಯಾ ಬೇರ್ಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯಲ್ಲಿ ಸೂಕ್ಷ್ಮಾಣುಗಳ ಕೆಲಸ ಮಾಡುವ ನನ್ನ ಹತ್ತಿರ ಎರಡು ಬಗೆಯ ಜನ ಬರುತ್ತಾರೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ವಿಷಯ ಹುಡುಕುವ ವಿದ್ಯಾರ್ಥಿಗಳು ಒಂದು ಕಡೆ. ಇಂಡಿ, ಸಿಂದಗಿ, ಮುಧೋಳ, ಜಮಖಂಡಿ ಕಡೆಯಿಂದ ಡಬ್ಬಿಯಲ್ಲಿ ನುಸಿ ಹಿಡಿದುಕೊಂಡು ಬರುವ ಜೇನು ಸಾಕಣೆದಾರರು ಇನ್ನೊಂದು ಕಡೆ. ಇಬ್ಬರ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಮಾತು ಗೊಂದಲವಾಗದಿರಲಿ ಎಂದು ಮೊದಲೇ ಹೇಳುತ್ತೇನೆ: ಪ್ಲೇಟಿನ (ಬ್ಯಾಕ್ಟೀರಿಯಾಕ್ಕೆ ಆಹಾರ ಹಾಕಿ ಬೆಳೆಸುವ ಮುಚ್ಚಳದ ತಟ್ಟೆಯ) ಮೇಲೆ ಗುಂಪಾಗಿ ಬೆಳೆಯುವ ಬ್ಯಾಕ್ಟೀರಿಯಾಕ್ಕೆ ಮಾತ್ರ ಇಲ್ಲಿ ‘ಕಾಲನಿ’ ಎನ್ನುತ್ತೇನೆ, ಪೆಟ್ಟಿಗೆಯ ಜೇನಿಗೆ ‘ಕುಟುಂಬ’.

ಜೇನಿನ ನುಸಿ ಎಂದರೆ ಯಾವುದು? ದನದ ಉಣ್ಣಿಯಂಥದ್ದೇ?

ಉಣ್ಣಿಯ ದೂರದ ಬಳಗ, ಎಂಟು ಕಾಲಿನದು. ನಮ್ಮ ಕೆಲಸಕ್ಕೆ ಬರುವ ನುಸಿ ಮುಖ್ಯವಾಗಿ ಎರಡು. ಮೊದಲನೆಯದು ವರೋವಾ. ಹೆಣ್ಣು ಸುಮಾರು 1.1 ಮಿ.ಮೀ. ಉದ್ದ, 1.6 ಮಿ.ಮೀ. ಅಗಲ. ಉದ್ದಕ್ಕಿಂತ ಅಗಲವೇ ಹೆಚ್ಚು, ಬಣ್ಣ ಕೆಂಗಂದು, ಮೈ ಏಡಿಯ ಚಿಪ್ಪಿನಂತೆ ಚಪ್ಪಟೆ. ಗಂಡು ಬಿಳಿಚಿಕೊಂಡ ಸಣ್ಣ ಜೀವ, ಮರಿಕೋಣೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಎರಡನೆಯದು ಟ್ರೋಪಿಲೇಲ್ಯಾಪ್ಸ್. ಇದು ಉದ್ದನೆಯ ಮೈಯದು, ಒಂದು ಮಿ.ಮೀ. ಆಸುಪಾಸು, ಎರಿಯ (ಜೇನು ಕಟ್ಟುವ ಮೇಣದ ಹಲ್ಲೆಯ) ಮೇಲೆ ಸರಸರನೆ ಓಡುತ್ತದೆ. ಇದರ ಮೂಲ ಮನೆ ಹೆಜ್ಜೇನು. ನೀರಿನ ಟ್ಯಾಂಕಿಗೂ ಆಲದ ಮರಕ್ಕೂ ಹೆಜ್ಜೇನು ಕಟ್ಟುವ ನಮ್ಮ ಕಡೆ ಮೆಲಿಫೆರಾ (ಹೊರದೇಶದಿಂದ ಬಂದ ಯುರೋಪಿನ ಸಾಕು ಜೇನು) ಪೆಟ್ಟಿಗೆ ಇಟ್ಟವರು ಇದನ್ನೂ ಕಣ್ಣಿಟ್ಟು ನೋಡಬೇಕು.

ಹೆಸರಿನ ವಿಷಯದಲ್ಲಿ ವಿದ್ಯಾರ್ಥಿಗಳು ಎಡವುತ್ತಾರೆ. 1904ರಲ್ಲಿ ಜಾವಾದ ನುಸಿಗೆ ಇಟ್ಟ ವರೋವಾ ಜೇಕಬ್‌ಸೋನಿ ಎಂಬ ಹೆಸರನ್ನೇ ಬಹುಕಾಲ ಎಲ್ಲ ಕಡೆ ಬಳಸಿದರು. ಮೆಲಿಫೆರಾ ಕುಟುಂಬಗಳನ್ನು ಹಾಳುಮಾಡುತ್ತಿರುವುದು ಬೇರೆಯೇ ಜಾತಿ ಎಂದು ಗೊತ್ತಾಗಿ ವರೋವಾ ಡಿಸ್ಟ್ರಕ್ಟರ್ ಎಂದು ಹೆಸರಾದದ್ದು 2000ದಲ್ಲಿ. ಹಳೆಯ ಪುಸ್ತಕದ ಹೆಸರನ್ನು ಹಾಗೇ ಇಳಿಸಿಕೊಳ್ಳಬೇಡಿ.

ತುಡುವೆ ಜೇನಿನಲ್ಲಿ ನುಸಿ ಇಲ್ಲವೇ?

ಇದೆ, ವರೋವಾ ಮೂಲದಲ್ಲಿ ತುಡುವೆಯ ಬಳಗದ ಜೇನಿನದೇ. ಆದರೆ ತುಡುವೆ ಅದರ ಜೊತೆ ಬಾಳಲು ಕಲಿತಿದೆ. ಒಂದರ ಮೈ ಇನ್ನೊಂದು ಕೆದಕಿ ನುಸಿ ಕಿತ್ತು ಹಾಕುತ್ತವೆ, ನುಸಿಯ ಸಂತಾನವೂ ಹೆಚ್ಚಾಗಿ ಗಂಡುಜೇನಿನ ಕೋಣೆಗಳಿಗೆ ಮಾತ್ರ ಸೀಮಿತ. ಮೆಲಿಫೆರಾದಲ್ಲಿ ಕೂಲಿಜೇನಿನ ಕೋಣೆಯಲ್ಲೂ ನುಸಿ ಮರಿ ಹಾಕುತ್ತದೆ, ಕುಟುಂಬ ಕುಸಿಯುವುದು ಅಲ್ಲಿಂದ. ಖಾನಾಪುರ ಕಾಡಂಚಿನ ತುಡುವೆಯ ನುಸಿ ಮತ್ತು ವಿಜಯಪುರದ ಸೂರ್ಯಕಾಂತಿ ಹೊಲದ ಪಕ್ಕದ ಮೆಲಿಫೆರಾ ನುಸಿ, ಎರಡರ ಬ್ಯಾಕ್ಟೀರಿಯಾಗಳನ್ನೂ ಹೋಲಿಸಿ ನೋಡುವುದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ ಎಂದು ಕೇಳಿದವರಿಗೆಲ್ಲ ಹೇಳುತ್ತಲೇ ಇದ್ದೇನೆ.

ನುಸಿಯ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಹುಡುಕಿ ಏನಾಗಬೇಕು?

ಎರಡು ಕಾರಣ. ನುಸಿ ಜೇನಿನ ಮೈಗೆ ತೂತು ಮಾಡಿ ಕೂತು ತಿನ್ನುತ್ತದೆ. ದೊಡ್ಡ ಜೇನಿನಲ್ಲಿ ಅದು ಮುಖ್ಯವಾಗಿ ತಿನ್ನುವುದು ಕೊಬ್ಬಿನ ಅಂಗಾಂಶವನ್ನು ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ರೋಗನಿರೋಧಕ ಶಕ್ತಿಗೆ ಬೇಕಾದ ಅಂಗ ಅದು. ಆ ಗಾಯದ ಮೂಲಕ ರೆಕ್ಕೆ ಮುದುಡುವ ವೈರಸ್ ಒಳಗೆ ಹೋಗುತ್ತದೆ ಎನ್ನುವುದು ಈಗ ಎಲ್ಲರಿಗೂ ತಿಳಿದ ಸಂಗತಿ. ಅದೇ ಗಾಯದಿಂದ ಯಾವ ಬ್ಯಾಕ್ಟೀರಿಯಾ ದಾಟುತ್ತದೆ ಎನ್ನುವುದು ಮೊದಲ ಪ್ರಶ್ನೆ.

ಎರಡನೆಯದು, ನುಸಿಗೂ ಕಾಯಿಲೆ ಬರುತ್ತದೆ. ನುಸಿಯನ್ನು ಕೊಂದು ಜೇನನ್ನು ಬಿಡುವ ಬ್ಯಾಕ್ಟೀರಿಯಾ ಸಿಕ್ಕರೆ ಪೆಟ್ಟಿಗೆಯೊಳಗೆ ಇಡುವ ರಾಸಾಯನಿಕ ಸ್ಟ್ರಿಪ್‌ಗಳ ಹಂಗು ಕಡಿಮೆಯಾದೀತು. ಸತ್ತ ವರೋವಾದಿಂದಲೇ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ತಳಿಗಳನ್ನು ತೆಗೆದು ನುಸಿಯ ಮೇಲೆ ಪರೀಕ್ಷಿಸಿದ ಕೆಲಸ ಮೆಕ್ಸಿಕೋದಲ್ಲಿ ನಡೆದಿದೆ. ದಾಳಿಂಬೆ, ಕುಸುಬೆ, ಈರುಳ್ಳಿ ಬೀಜ ಎಲ್ಲಕ್ಕೂ ಜೇನು ಬೇಕಾದ ನಮ್ಮ ಜಿಲ್ಲೆಗಳಲ್ಲಿ ಈ ಕೆಲಸ ಇನ್ನಷ್ಟು ಆಗಬೇಕು.

ಅಕ್ಕಾರ, ನುಸಿ ಹೆಂಗ ಹಿಡಿದು ತರೂದು? ಸ್ಪಿರಿಟ್‌ನಾಗ ಹಾಕಿ ತಂದ್ರ ನಡೀತದೇನ್ರಿ?

ಸ್ಪಿರಿಟ್ ಬೇಡ್ರಿ. ನುಸಿ ಎಣಿಸುವುದಕ್ಕೆ ಅದು ಸರಿ, ಬ್ಯಾಕ್ಟೀರಿಯಾ ತೆಗೆಯುವುದಕ್ಕೆ ಅಲ್ಲ. ನಾವು ಹುಡುಕುತ್ತಿರುವುದೇ ಅದರಲ್ಲಿ ಸತ್ತು ಹೋಗುತ್ತದೆ.

ಸಕ್ಕರೆ ಪುಡಿ ಸುಲಭ. ಅಗಲ ಬಾಯಿಯ ಗಾಜಿನ ಬಾಟಲಿಗೆ ಮುಚ್ಚಳದ ಜಾಗದಲ್ಲಿ ಜಾಳಿಗೆ ಕಟ್ಟಿ. ಸಂಸಾರ ಕೋಣೆಯ (ಪೆಟ್ಟಿಗೆಯಲ್ಲಿ ಜೇನು ಮರಿ ಮಾಡುವ ಭಾಗದ) ಮರಿ ಇರುವ ಎರಿಯಿಂದ ಸುಮಾರು ಅರ್ಧ ಕಪ್ ಹುಳ, ಅಂದರೆ 300ರ ಹತ್ತಿರ, ಬಾಟಲಿಗೆ ಹಾಕಿ. ರಾಣಿ ಅದರಲ್ಲಿಲ್ಲ ಎಂದು ಎರಡು ಸಲ ನೋಡಿಕೊಳ್ಳಿ. ಎರಡು ಚಮಚ ಸಕ್ಕರೆ ಪುಡಿ ಸುರಿದು ಮೆಲ್ಲಗೆ ಉರುಳಿಸಿ, ಒಂದೆರಡು ನಿಮಿಷ ಬಿಟ್ಟು ಬಿಳಿ ತಟ್ಟೆಗೆ ಜಾಡಿಸಿ. ನುಸಿ ಸಕ್ಕರೆಯೊಂದಿಗೆ ಉದುರುತ್ತದೆ, ಹುಳ ಬದುಕಿ ಪೆಟ್ಟಿಗೆಗೆ ಮರಳುತ್ತದೆ. ಸಕ್ಕರೆ ಮೆತ್ತಿದ ನುಸಿಯನ್ನು ತೆಳು ಬ್ರಷ್‌ನಿಂದ ಎತ್ತಿ ಸ್ಟೆರೈಲ್ (ಯಾವ ಸೂಕ್ಷ್ಮಾಣುವೂ ಉಳಿಯದಂತೆ ಶುದ್ಧ ಮಾಡಿದ) ಟ್ಯೂಬಿಗೆ ಹಾಕಿ, ಕೈಯಿಂದ ಮುಟ್ಟಬೇಡಿ.

ಆದರೆ ನನಗೆ ಹೆಚ್ಚು ನಂಬಿಕೆ ಇರುವುದು ಮುಚ್ಚಿದ ಮರಿಕೋಣೆ ತೆರೆದು ತೆಗೆದ ನುಸಿಯ ಮೇಲೆ. ಗಂಡುಜೇನಿನ ಉಬ್ಬಿದ ಕೋಣೆಗಳನ್ನು ಚಿಮಟದಿಂದ ತೆರೆದು ಕೋಶವನ್ನು (ಪ್ಯೂಪಾ, ರೆಕ್ಕೆ ಬರುವ ಮುಂಚಿನ ಹುಳ) ಹೊರತೆಗೆದರೆ ಬಿಳಿ ಮೈಯ ಮೇಲೆ ಕೆಂಪು ನುಸಿ ಎದ್ದು ಕಾಣುತ್ತದೆ. ಸಕ್ಕರೆಯೂ ಇಲ್ಲ, ಹೊಲದ ಧೂಳೂ ಇಲ್ಲ. ಟ್ರೋಪಿಲೇಲ್ಯಾಪ್ಸ್‌ಗಂತೂ ಇದೇ ದಾರಿ, ಏಕೆಂದರೆ ಅದು ಮರಿಯನ್ನೇ ನಂಬಿ ಬದುಕುತ್ತದೆ. ಮರಿ ಸಿಗದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಪೆಟ್ಟಿಗೆಯ ತಳದ ಹಲಗೆಗೆ ಉದುರಿ ಎಷ್ಟೋ ದಿನವಾದ ಒಣ ನುಸಿ ತರಬೇಡಿ. ಅದರ ಮೇಲೆ ಬೆಳೆಯುವುದು ಕಸದ ಬ್ಯಾಕ್ಟೀರಿಯಾ. ಇತ್ತೀಚೆಗೆ ಪೆಟ್ಟಿಗೆಗೆ ಫಾರ್ಮಿಕ್ ಆಮ್ಲ, ಗಂಧಕ ಅಥವಾ ಬೇರೆ ಯಾವುದೇ ಔಷಧ ಹಾಕಿದ್ದರೆ ಚೀಟಿಯ ಮೇಲೆ ಬರೆದು ಕಳಿಸಿ. ಅಡಗಿಸಿದರೆ ನಮ್ಮ ಲೆಕ್ಕವೂ ತಪ್ಪುತ್ತದೆ, ನಿಮಗೂ ತಪ್ಪು ಉತ್ತರ ಹೋಗುತ್ತದೆ.

ಇಂಡಿಯಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ತರುವಷ್ಟರಲ್ಲಿ ಸಾಯುವುದಿಲ್ಲವೇ?

ಸಾಯುತ್ತದೆ, ಬೇಸಿಗೆಯಲ್ಲಿ ಬೇಗ. ಟ್ಯೂಬಿನೊಳಗೆ ಒದ್ದೆ ಮಾಡಿದ ಸ್ಟೆರೈಲ್ ಫಿಲ್ಟರ್ ಕಾಗದದ ತುಂಡು ಇಡಿ, ಜೊತೆಗೆ ಒಂದು ಕೋಶ ಇದ್ದರೆ ಇನ್ನೂ ಒಳ್ಳೆಯದು. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಹಾಕಿ, ಟ್ಯೂಬು ನೇರ ಐಸಿಗೆ ತಾಗದಂತೆ ಬಟ್ಟೆ ಸುತ್ತಿ. ಬೆಳಗಿನ ಮೊದಲ ಬಸ್ಸು ಹಿಡಿಯಿರಿ. 24 ಗಂಟೆಯೊಳಗೆ ಅರೆದು ಪ್ಲೇಟಿಗೆ ಹಾಕುವಂತಿರಬೇಕು. ನುಸಿ ಸತ್ತ ಗಳಿಗೆಯಿಂದ ಒಳಗಿನ ಬ್ಯಾಕ್ಟೀರಿಯಾಗಳ ಪ್ರಮಾಣ ಬದಲಾಗುತ್ತಾ ಹೋಗುತ್ತದೆ. ಬದುಕಿದ್ದಾಗ ಮೂಲೆಯಲ್ಲಿದ್ದದ್ದು ಸತ್ತ ಮೇಲೆ ಮನೆಯ ಯಜಮಾನನಾಗುತ್ತದೆ.

ನುಸಿಯ ಮೈ ತೊಳೆಯುವ ಹಂತಕ್ಕೆ ಇಷ್ಟು ಒತ್ತು ಯಾಕೆ?

ಇಡೀ ಕೆಲಸದ ಜೀವ ಇಲ್ಲಿದೆ. ಪ್ಲೇಟಿನ ಮೇಲೆ ಕಾಲನಿ ಬೆಳೆಸುವುದು ಕಷ್ಟವಲ್ಲ, ತೆರೆದಿಟ್ಟರೆ ಗಾಳಿಯಿಂದಲೇ ಬೆಳೆಯುತ್ತದೆ. ಬೆಳೆದದ್ದು ನುಸಿಯ ಒಳಗಿನದೋ, ಮೈಮೇಲಿನದೋ, ಜೇನಿನದೋ, ನಮ್ಮ ಕೈಯದೋ ಎಂದು ಹೇಳಲು ಬರಬೇಕು.

ನಾನು ಶುರುಮಾಡಿದ ವರ್ಷ ಮೂರು ಊರಿನ ನುಸಿಗಳಿಂದಲೂ ಒಂದೇ ಬಗೆಯ, ಅಂಚು ಹರಿದ, ಒಣಗಿದ ಹಪ್ಪಳದಂಥ ಬಿಳಿ ಕಾಲನಿ ಬಂತು. ಮೂರೂ ಕಡೆ ಒಂದೇ ಬ್ಯಾಕ್ಟೀರಿಯಾ, ಇದೇ ನುಸಿಯ ಖಾಯಂ ಸಂಗಾತಿ ಎಂದು ಹಿಗ್ಗಿದೆ. ಮೂರು ವಾರ ಅದರ ಹಿಂದೆಯೇ ಓಡಾಡಿದೆ. ಕೊನೆಗೆ ನುಸಿಯನ್ನೇ ಹಾಕದೆ ಬರೀ ತೊಳೆದ ನೀರನ್ನು ಪ್ಲೇಟಿಗೆ ಹಚ್ಚಿ ನೋಡಿದಾಗ ಅದೇ ಹಪ್ಪಳ ಅಲ್ಲೂ ಬೆಳೆದಿತ್ತು. ಅದು ಬ್ಯಾಸಿಲಸ್, ಎರೆಹೊಲದ ಧೂಳಿನ ಜೊತೆ ಬರುವಂಥದ್ದು. ಅಂದು ಅತ್ತಿದ್ದೆ. ಆ ಪ್ಲೇಟನ್ನು ಮೊದಲ ದಿನವೇ ಇಟ್ಟಿದ್ದರೆ ಮೂರು ವಾರವೂ ಉಳಿಯುತ್ತಿತ್ತು, ಬಸ್ ಹತ್ತಿ ನುಸಿ ತಂದುಕೊಟ್ಟ ರೈತರ ಶ್ರಮವೂ ಉಳಿಯುತ್ತಿತ್ತು.

ಈಗ ಮಾಡುವುದು ಹೀಗೆ. ನುಸಿಯ ಮೈತುಂಬ ಕೂದಲು, ಅದರ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡು ದ್ರವ ತಾಗುವುದಿಲ್ಲ. ಅದಕ್ಕೆ ಒಂದು ಹನಿ ಟ್ವೀನ್ 80 (ಸೋಪಿನಂತೆ ಕೆಲಸ ಮಾಡುವ ದ್ರವ) ಬೆರೆಸಿದ ಸ್ಟೆರೈಲ್ ಸಲೈನಿನಲ್ಲಿ ಮೊದಲು ಅಲುಗಿಸಿ ಸಕ್ಕರೆ, ಧೂಳು ಬಿಡಿಸುತ್ತೇನೆ. ಆಮೇಲೆ 70 ಶೇಕಡಾ ಆಲ್ಕೋಹಾಲಿನಲ್ಲಿ 30 ಸೆಕೆಂಡು. ನೀರು ಬೆರೆಯದ ಆಲ್ಕೋಹಾಲ್ ಹೆಚ್ಚು ಚುರುಕೆಂದು ಕೆಲವರು ತಿಳಿದಿದ್ದಾರೆ. ಪ್ರೋಟೀನು ಕೆಡಿಸಲು ನೀರೂ ಬೇಕು, ಹಾಗಾಗಿ 70 ಶೇಕಡಾವೇ ಒಳ್ಳೆಯದು. ಆದರೆ ಬ್ಯಾಸಿಲಸ್‌ನ ಬೀಜಕಗಳು (ಕಷ್ಟಕಾಲಕ್ಕೆ ಅದು ಮಾಡಿಕೊಳ್ಳುವ ಗಟ್ಟಿ ಕವಚದ ರೂಪ) ಆಲ್ಕೋಹಾಲಿಗೆ ಸಾಯುವುದಿಲ್ಲ, ನನ್ನನ್ನು ಕಾಡಿದ್ದು ಇದೇ. ಅದಕ್ಕೆ 0.5 ಶೇಕಡಾ ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಒಂದು ನಿಮಿಷ. ಕೊನೆಗೆ ಸ್ಟೆರೈಲ್ ನೀರಿನಲ್ಲಿ ಮೂರು ಸಲ ತೊಳೆತ. ಮೂರನೆಯ ತೊಳೆತದ ನೀರು 100 ಮೈಕ್ರೋಲೀಟರ್ ತೆಗೆದು ಒಂದು ಪ್ಲೇಟಿಗೆ ಹಚ್ಚಬೇಕು. ತೊಳೆದ ಒಂದು ನುಸಿಯನ್ನು ಅರೆಯದೆ ಇನ್ನೊಂದು ಪ್ಲೇಟಿನ ಮೇಲೆ ಹೊರಳಾಡಿಸಿ ತೆಗೆಯಬೇಕು. ಈ ಎರಡು ಪ್ಲೇಟು ಖಾಲಿ ಉಳಿದರೆ ಮಾತ್ರ ಅರೆದ ನುಸಿಯ ಪ್ಲೇಟಿಗೆ ಬೆಲೆ. ಅವುಗಳಲ್ಲಿ ಏನಾದರೂ ಬೆಳೆದರೆ ಆ ದಿನದ ಕೆಲಸವನ್ನು ನೋಟುಬುಕ್ಕಿನಲ್ಲಿ ‘ಕೆಟ್ಟಿತು’ ಎಂದು ಬರೆದು ಮತ್ತೆ ಮಾಡಿ.

ಹೆಚ್ಚು ಹೊತ್ತು ಮುಳುಗಿಸಿದರೆ ಇನ್ನೂ ಸ್ವಚ್ಛ ಎಂದುಕೊಳ್ಳಬೇಡಿ. ಹೈಪೋಕ್ಲೋರೈಟ್ ಒಳಗಿಳಿದು ಹೊಟ್ಟೆಯೊಳಗಿನದನ್ನೂ ಕೊಲ್ಲುತ್ತದೆ.

ಒಂದು ಸಲಕ್ಕೆ ಎಷ್ಟು ನುಸಿ ಬೇಕು? ಅರೆಯುವುದು ಹೇಗೆ?

ಒಂದು ಕುಟುಂಬದಿಂದ 10 ನುಸಿ ಸಿಕ್ಕರೆ ಸಾಕು. ಬೇರೆ ಬೇರೆ ಕುಟುಂಬದ ನುಸಿಗಳನ್ನು ಬೆರೆಸಬೇಡಿ. 1.5 ಮಿ.ಲೀ. ಟ್ಯೂಬಿನಲ್ಲಿ 0.85 ಶೇಕಡಾ ಉಪ್ಪಿನ ಸ್ಟೆರೈಲ್ ದ್ರಾವಣ ಸ್ವಲ್ಪ ಹಾಕಿ, ಸ್ಟೆರೈಲ್ ಪ್ಲಾಸ್ಟಿಕ್ ಕಡ್ಡಿಯಿಂದ ಚಿಪ್ಪು ಒಡೆಯುವವರೆಗೆ ಅರೆಯಿರಿ. ಆಮೇಲೆ ಒಟ್ಟು 1 ಮಿ.ಲೀ. ಆಗುವಷ್ಟು ದ್ರಾವಣ ಸೇರಿಸಿ. ಚಿಪ್ಪು ಗಟ್ಟಿ, ಒಂದೆರಡು ಸಲ ತಿರುವಿ ಬಿಟ್ಟರೆ ಹೊಟ್ಟೆ ಒಡೆದಿರುವುದಿಲ್ಲ. ಅಲ್ಲಿಂದ ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡುತ್ತಾ ಹೋಗಿ, ಪ್ರತಿಯೊಂದರಿಂದಲೂ 0.1 ಮಿ.ಲೀ. ಹಚ್ಚಿ.

ಲೆಕ್ಕ ಹೀಗೆ: ನೂರು ಪಟ್ಟು ತೆಳುವಾದ ಟ್ಯೂಬಿನಿಂದ 0.1 ಮಿ.ಲೀ. ಹಚ್ಚಿದ ಪ್ಲೇಟಿನಲ್ಲಿ 46 ಕಾಲನಿ ಬಂತು ಎನ್ನೋಣ. 46ನ್ನು 10ರಿಂದಲೂ 100ರಿಂದಲೂ ಗುಣಿಸಿದರೆ ಮೂಲ ದ್ರಾವಣದ ಪ್ರತಿ ಮಿ.ಲೀ.ಗೆ 46,000. ಅದರಲ್ಲಿ 10 ನುಸಿ ಇತ್ತು, ಆದ್ದರಿಂದ ಒಂದು ನುಸಿಗೆ 4,600. 30ಕ್ಕಿಂತ ಕಡಿಮೆ, 300ಕ್ಕಿಂತ ಹೆಚ್ಚು ಕಾಲನಿ ಇರುವ ಪ್ಲೇಟು ಎಣಿಕೆಗೆ ತೆಗೆದುಕೊಳ್ಳಬೇಡಿ.

ಯಾವ ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಯಲು ಪ್ಲೇಟಿಗೆ ಹಾಕುವ ಆಹಾರ) ಹಾಕಬೇಕು?

ಕಾಲೇಜಿನಲ್ಲಿ ನ್ಯೂಟ್ರಿಯೆಂಟ್ ಅಗಾರ್ ಮಾತ್ರ ಇದ್ದರೆ ಅದರಿಂದಲೇ ಶುರುಮಾಡಿ, ಲೀಟರಿಗೆ ಸಾಮಾನ್ಯವಾಗಿ 28 ಗ್ರಾಂ, ಡಬ್ಬಿಯ ಮೇಲೆ ಬರೆದದ್ದೇ ಪ್ರಮಾಣ. ಕೈಯಲ್ಲಿ ಹಣವಿದ್ದರೆ ಟ್ರಿಪ್ಟಿಕ್ ಸೋಯಾ ಅಗಾರ್, ಬ್ರೇನ್ ಹಾರ್ಟ್ ಇನ್‌ಫ್ಯೂಷನ್ ಅಗಾರ್ ಸೇರಿಸಿ. ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳಿಗೆ ಎಂಆರ್‌ಎಸ್ ಅಗಾರ್. ಆಮ್ಲಜನಕ ಕಡಿಮೆ ಬಯಸುವವಕ್ಕೆ ದೊಡ್ಡ ಗಾಜಿನ ಜಾಡಿಯಲ್ಲಿ ಪ್ಲೇಟು ಇಟ್ಟು, ಮೇಣದಬತ್ತಿ ಹಚ್ಚಿ ಮುಚ್ಚಳ ಬಿಗಿಯುವ ಹಳೆಯ ಉಪಾಯ ಈಗಲೂ ನಡೆಯುತ್ತದೆ. ಒಂದೇ ಮೀಡಿಯಾದಲ್ಲಿ ಬಂದದ್ದನ್ನು ‘ನುಸಿಯ ಬ್ಯಾಕ್ಟೀರಿಯಾಗಳು’ ಎಂದು ಬರೆಯುವುದು ಸರಿಯಲ್ಲ. ‘ಈ ಮೀಡಿಯಾದಲ್ಲಿ ಬೆಳೆದವು’ ಎಂದು ಬರೆಯಿರಿ.

ಇನ್‌ಕ್ಯುಬೇಟರ್ 30ಕ್ಕೆ ಇಟ್ಟರೂ ಥರ್ಮಾಮೀಟರ್ 37 ತೋರಿಸುತ್ತದೆ, ಕೆಟ್ಟಿದೆಯೇ?

ಏಪ್ರಿಲ್, ಮೇ ತಿಂಗಳಲ್ಲಿ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಕೆಟ್ಟಿಲ್ಲ. ಸಾದಾ ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆ, ತಂಪು ಮಾಡುವುದಿಲ್ಲ. ಹೊರಗೆ 40 ಡಿಗ್ರಿ ದಾಟಿ ಕೋಣೆಯೇ 37 ಇದ್ದಾಗ ಒಳಗೆ 30 ಎಲ್ಲಿಂದ ಬರಬೇಕು? ತಂಪು ಮಾಡುವ ಬಿಒಡಿ ಇನ್‌ಕ್ಯುಬೇಟರ್ ಬೇಕು. ಇಲ್ಲದವರು ಮಳೆಗಾಲ ಅಥವಾ ಚಳಿಗಾಲಕ್ಕೆ ಕೆಲಸ ಇಟ್ಟುಕೊಳ್ಳಿ.

ಮರಿಗಳಿರುವ ಎರಿಯನ್ನು ಜೇನು 34–35 ಡಿಗ್ರಿಯಲ್ಲಿ ಕಾಯ್ದುಕೊಳ್ಳುತ್ತದೆ, ನುಸಿಯ ಬದುಕೂ ಆ ಬಿಸಿಯಲ್ಲೇ. ಹಾಗಾಗಿ ನಾನು ಒಂದು ಜೊತೆ ಪ್ಲೇಟು 34ರಲ್ಲಿ, ಇನ್ನೊಂದು ಜೊತೆ 28ರಲ್ಲಿ ಇಡುತ್ತೇನೆ. 24, 48, 72 ಗಂಟೆಗೆ ನೋಡುತ್ತೇನೆ. ನಿಧಾನವಾಗಿ ಬೆಳೆಯುವ ಸಣ್ಣ ಕಾಲನಿಗಳು ಮೂರನೆಯ ದಿನ ಕಾಣಿಸಿಕೊಳ್ಳುತ್ತವೆ. ಮೊದಲ ದಿನವೇ ಪ್ಲೇಟು ಎಸೆದವರಿಗೆ ಅವು ಸಿಗುವುದಿಲ್ಲ.

ಪ್ಲೇಟಿನಲ್ಲಿ ರಕ್ತದಂಥ ಕೆಂಪು ಕಾಲನಿ ಬಂದಿದೆ. ಹೆದರಬೇಕೇ?

ಹೆದರಬೇಡಿ, ಕೈಗವಸು ಮಾತ್ರ ಮರೆಯಬೇಡಿ. ಅದು ಸೆರೇಷಿಯಾ ಮಾರ್ಸೆಸೆನ್ಸ್ ಇರಬಹುದು. ಜೇನಿನ ರಕ್ತಕ್ಕೆ ಇಳಿದರೆ ಜೇನನ್ನು ಕೊಲ್ಲಬಲ್ಲದು, ವರೋವಾ ನುಸಿಯಲ್ಲೂ ಸಿಕ್ಕಿದೆ. ಆದ್ದರಿಂದ ಅಂಥ ಕಾಲನಿಯನ್ನು ಜೋಪಾನವಾಗಿ ಉಳಿಸಿ. ಒಂದು ಸೂಕ್ಷ್ಮವಿದೆ: ಈ ಕೆಂಪು 28–30 ಡಿಗ್ರಿಯಲ್ಲಿ ಚೆನ್ನಾಗಿ ಬರುತ್ತದೆ, 37ರಲ್ಲಿ ಮಾಯವಾಗುತ್ತದೆ. ಬಣ್ಣವೇ ಮಾಡದ ತಳಿಗಳೂ ಬಹಳ ಇವೆ. ಕೆಂಪಿಲ್ಲ ಎಂದ ಮಾತ್ರಕ್ಕೆ ಸೆರೇಷಿಯಾ ಇಲ್ಲ ಎನ್ನಲಾಗದು. ಇದು ಮನುಷ್ಯರ ಗಾಯಕ್ಕೂ ಸೋಂಕು ತರಬಲ್ಲದು. ಕೈಯಲ್ಲಿ ಗಾಯವಿದ್ದ ದಿನ ಪ್ಲೇಟು ತೆರೆಯಬೇಡಿ.

ಫಂಗಸ್ ಎಲ್ಲವನ್ನೂ ಮುಚ್ಚಿಬಿಡುತ್ತದೆ, ಏನು ಮಾಡಲಿ?

ಮೀಡಿಯಾಕ್ಕೆ ಫಂಗಸ್ ತಡೆಯುವ ಔಷಧ ನಿಸ್ಟಾಟಿನ್ ಸೇರಿಸಬಹುದು. ಅದಕ್ಕೂ ಮೊದಲು ಸೀಲಿಂಗ್ ಫ್ಯಾನ್ ಆರಿಸಿ.

ಆಟೋಕ್ಲೇವ್ ಇಲ್ಲದ ಕಾಲೇಜಿನಲ್ಲಿ ಈ ಕೆಲಸ ಸಾಧ್ಯವೇ?

ಮೀಡಿಯಾ ಬೇಯಿಸುವ ಮಟ್ಟಿಗೆ ಸಾಧ್ಯ. ಆಟೋಕ್ಲೇವ್ ಎಂದರೆ ಒತ್ತಡದ ಹಬೆಯಿಂದ ಸೂಕ್ಷ್ಮಾಣು ಕೊಲ್ಲುವ ಯಂತ್ರ, ಅದು ಕೊಡುವುದು 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ. ಒಳ್ಳೆಯ ಪ್ರೆಷರ್ ಕುಕ್ಕರ್ ಆ ಒತ್ತಡದ ಹತ್ತಿರ ಬರುತ್ತದೆ, ಅದಕ್ಕೇ ಸ್ವಲ್ಪ ಹೆಚ್ಚು ಹೊತ್ತು ಇಟ್ಟು, ಮೀಡಿಯಾ ಹಾಕಿದ ಖಾಲಿ ಪ್ಲೇಟುಗಳನ್ನು ಎರಡು ದಿನ ಕಾಯ್ದು ನೋಡಿ ಬಳಸಿ. ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಕೂಡದು. ಬೆಳೆದ ಬ್ಯಾಕ್ಟೀರಿಯಾ ಪ್ಲೇಟುಗಳನ್ನು ಮಾತ್ರ ಸರಿಯಾದ ಆಟೋಕ್ಲೇವ್ ಇರುವ ಕಡೆ ಕೊಟ್ಟು ಕೊಲ್ಲಿಸಿ, ಹಾಗೇ ತಿಪ್ಪೆಗೆ ಎಸೆಯುವುದು ಊರಿಗೂ ಜೇನಿಗೂ ಮಾಡುವ ಅನ್ಯಾಯ.

ಬೇರ್ಪಡಿಸಿದ ಮೇಲೆ ಹೆಸರು ಕಂಡುಹಿಡಿಯುವುದು ಹೇಗೆ?

ಒಂದೊಂದು ಬಗೆಯ ಕಾಲನಿಯನ್ನೂ ಎರಡು-ಮೂರು ಸಲ ಹೊಸ ಪ್ಲೇಟಿನ ಮೇಲೆ ಗೆರೆ ಎಳೆದು ಶುದ್ಧ ಮಾಡಿ. ಗ್ರಾಂ ಬಣ್ಣ, 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡಿನಿಂದ ಕೆಟಲೇಸ್ ಪರೀಕ್ಷೆ, ಮ್ಯಾಲಕೈಟ್ ಹಸಿರಿನಿಂದ ಬೀಜಕದ ಬಣ್ಣ, ಇವು ಕಾಲೇಜಿನಲ್ಲೇ ಆಗುವಂಥವು. ಹೆಸರು ಖಚಿತವಾಗಲು 16ಎಸ್ ಜೀನಿನ (ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಗುರುತಿಗೆ ಬಳಸುವ ಜೀನು) ಸುಮಾರು 1,500 ಡಿಎನ್‌ಎ ಅಕ್ಷರಗಳನ್ನು ಓದಿಸಬೇಕು.

16ಎಸ್ ಕೊಟ್ಟ ಹೆಸರನ್ನು ವೇದವಾಕ್ಯ ಎಂದುಕೊಳ್ಳಬೇಡಿ. ಬ್ಯಾಸಿಲಸ್ ಸೀರಿಯಸ್, ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ನೆರಡಿ ರೋಗ ತರುವ ಬ್ಯಾಸಿಲಸ್ ಆಂಥ್ರಾಸಿಸ್, ಮೂರೂ ಈ ಜೀನಿನಲ್ಲಿ ಹೆಚ್ಚುಕಡಿಮೆ ಒಂದೇ. ಥುರಿಂಜಿಯೆನ್ಸಿಸ್ ಎಂದು ಹೇಳಬೇಕಾದರೆ ಬೀಜಕದ ಪಕ್ಕದ ಪ್ರೋಟೀನು ಹರಳನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬೇಕು.

ಪ್ಲೇಟಿನಲ್ಲಿ ಏನೂ ಬೆಳೆಯಲಿಲ್ಲ. ನುಸಿಯೊಳಗೆ ಬ್ಯಾಕ್ಟೀರಿಯಾ ಇಲ್ಲ ಎಂದರ್ಥವೇ?

ಅಲ್ಲ. ತೊಳೆತ ಅತಿಯಾಗಿರಬಹುದು, ಅರೆತ ಸಾಲದಿರಬಹುದು. ಅಲ್ಲದೆ ನುಸಿಯ ಡಿಎನ್‌ಎ ಓದಿದ ಅಧ್ಯಯನಗಳಲ್ಲಿ ಕಾಣಿಸಿಕೊಂಡ ಆರ್ಸೆನೊಫೋನಸ್‌ನಂಥ ಸಹವಾಸಿಗಳು ಸಾದಾ ಅಗಾರಿನ ಮೇಲೆ ಬೆಳೆಯುವುದಿಲ್ಲ. ಪ್ಲೇಟು ತೋರಿಸುವುದು ಆ ಮನೆಯ ಕೆಲವು ಮಂದಿಯನ್ನು ಮಾತ್ರ. ವೈರಸ್ಸುಗಳಂತೂ ಪ್ಲೇಟಿಗೆ ಬರುವುದೇ ಇಲ್ಲ.

ನುಸಿ ಕೊಲ್ಲುವ ಬ್ಯಾಕ್ಟೀರಿಯಾ ಸಿಕ್ಕರ ಕೊಡ್ರಿ, ನಾ ಪೆಟ್ಟಿಗಿಗೆ ಸಿಂಪಡಿಸ್ತೀನಿ.

ಈ ಮಾತನ್ನು ಎಷ್ಟು ಆಸೆಯಿಂದ ಕೇಳುತ್ತೀರಿ ಎಂದು ನನಗೆ ಗೊತ್ತು, ಕೊಡಲು ಆಗುವುದಿಲ್ಲ ಎನ್ನುವಾಗ ನನಗೂ ಸಂಕಟ. ಗಾಜಿನ ತಟ್ಟೆಯಲ್ಲಿ ನುಸಿ ಸತ್ತರೆ ಅದು ಮೊದಲ ಮೆಟ್ಟಿಲು. ಜೇನು ಬಿಟ್ಟ ನುಸಿ ತಾನಾಗಿಯೇ ಬೇಗ ಸಾಯುತ್ತದೆ. ಹಾಗಾಗಿ ಬರೀ ನೀರು ಹಾಕಿದ ನುಸಿಗಳ ಸಾವನ್ನು ಕಳೆದು ಲೆಕ್ಕ ಹಾಕಬೇಕು, 1925ರಲ್ಲಿ ಆಬಟ್ ಕೊಟ್ಟ ಸೂತ್ರ ಇರುವುದು ಇದಕ್ಕೇ. ಆಮೇಲೆ ಅದೇ ಬ್ಯಾಕ್ಟೀರಿಯಾವನ್ನು ಮರಿಗೆ, ಕೂಲಿಜೇನಿಗೆ, ರಾಣಿಗೆ ಕೊಟ್ಟು ನೋಡಬೇಕು. ನುಸಿಯನ್ನು ಕೊಲ್ಲುವುದು ಜೇನನ್ನೂ ಕೊಂದರೆ? 1990ರ ದಶಕದ ಆರಂಭದಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದ್ದನ್ನು ಕಂಡ ಹಿರಿಯ ಸಾಕಣೆದಾರರು ಇನ್ನೂ ಇದ್ದಾರೆ. ಪರೀಕ್ಷೆ ಮುಗಿಯದ ಯಾವ ಜೀವಿಯನ್ನೂ ನನ್ನ ಕೈಯಿಂದ ಪೆಟ್ಟಿಗೆಗೆ ಹೋಗಗೊಡುವುದಿಲ್ಲ.

ನುಸಿ ಬಿದ್ದ ಪೆಟ್ಟಿಗಿ ಜೇನುತುಪ್ಪ ತಿನ್ನಬಹುದೇನ್ರಿ?

ತಿನ್ನಬಹುದ್ರಿ. ಈ ನುಸಿ ಮನುಷ್ಯರಿಗೆ ಹತ್ತುವುದಿಲ್ಲ. ಆದರೆ ನುಸಿಗೆಂದು ಹಾಕಿದ ಔಷಧ, ಅದಕ್ಕಿಂತ ಹೆಚ್ಚಾಗಿ ಕೇಳದೆ ಹಾಕಿದ ಆಂಟಿಬಯೋಟಿಕ್ ತುಪ್ಪದಲ್ಲಿ ಉಳಿಯುತ್ತದೆ. ಬ್ಯಾಕ್ಟೀರಿಯಾ ಎಂಬ ಪದ ಕೇಳಿದೊಡನೆ ಔಷಧದ ಅಂಗಡಿಗೆ ಓಡಬೇಡಿ.

ಸಿಕ್ಕ ತಳಿಗಳನ್ನು ಎಲ್ಲಿ ಇಡುವುದು?

20 ಶೇಕಡಾ ಗ್ಲಿಸರಾಲಿನಲ್ಲಿ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ, ಅದಿಲ್ಲದಿದ್ದರೆ ಮೈನಸ್ 20ರಲ್ಲಿ. ಮುಖ್ಯವೆನಿಸಿದ್ದನ್ನು ಪುಣೆಯ ಅಥವಾ ಚಂಡೀಗಢದ ರಾಷ್ಟ್ರೀಯ ಸೂಕ್ಷ್ಮಾಣು ಸಂಗ್ರಹಗಳಿಗೆ ಒಪ್ಪಿಸಿ. ಹೊರದೇಶದ ಗೆಳೆಯರಿಗೆ ಲಕೋಟೆಯಲ್ಲಿ ಕಳಿಸಿಬಿಡುವಂತಿಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆಯಲ್ಲಿ ಸೂಕ್ಷ್ಮಾಣುವೂ ಸೇರಿದೆ, ಅನುಮತಿ ಬೇಕು.

ನಾ ನುಸಿ ಕೊಟ್ಟೆ, ನನಗೇನು ಸಿಗ್ತದರಿ?

ನಿಮ್ಮ ಪೆಟ್ಟಿಗೆಯ ಸಂಖ್ಯೆ ಹಾಕಿ ಒಂದು ಹಾಳೆ ಬರೆದು ಕಳಿಸುತ್ತೇನೆ: ಎಷ್ಟು ನುಸಿ ಬಂತು, ಯಾವ ಜಾತಿಯದು, ಅರೆದಾಗ ಏನು ಬೆಳೆಯಿತು, ಪರೀಕ್ಷಾ ಪ್ಲೇಟು ಖಾಲಿ ಇತ್ತೋ ಇಲ್ಲವೋ. ವಿದ್ಯಾರ್ಥಿಗಳಿಗೂ ಇದನ್ನು ಕಡ್ಡಾಯ ಮಾಡಿದ್ದೇನೆ, ಥೀಸಿಸ್ ಬೈಂಡಿಂಗಿಗೆ ಹೋಗುವ ಮೊದಲೇ ಆ ಹಾಳೆ ಊರಿಗೆ ಹೋಗಬೇಕು. ಫಲಿತಾಂಶ ಬರದಿದ್ದರೆ ಬರಲಿಲ್ಲ ಎಂದೇ ಬರೆದಿರುತ್ತದೆ, ಜೊತೆಗೆ ಮುಂದಿನ ಸಲಕ್ಕೆ ಎರಡು ಸ್ಟೆರೈಲ್ ಟ್ಯೂಬು.